ಕೌಂಟರಿನ ತೂತಿನ ಮುಂದೆ ನಿವಾಸಿಗಳು ಬಗ್ಗತಕ್ಕ ಕ್ರಮದ ಬಗ್ಗೆ

ಪುರಸಭಾ ಕಾರ್ಯಾಲಯ
ನಿವಾಸಿ ಸೇವಾ ಶಾಖೆ (ನೆಲಮಟ್ಟ)

ಸಂಖ್ಯೆ: ಪುಕಾ/ನಿಸೇ/ತೂತು/ಮೊಣಕಾಲು/ಮುಂದುವರಿದ ಕಡತ
ದಿನಾಂಕ: ಮೊಹರಿನಲ್ಲಿರುವಂತೆ (ಮೊಹರು ಅಸ್ಪಷ್ಟವಾಗಿದ್ದಲ್ಲಿ, ನಿನ್ನೆ)

ಸುತ್ತೋಲೆ

ವಿಷಯ: ಸೇವಾ ಕೌಂಟರುಗಳ ಗಾಜಿನಲ್ಲಿರುವ ಮಾತಿನ ತೂತು ನಿವಾಸಿಗಳ ಮೊಣಕಾಲಿನ ಮಟ್ಟಕ್ಕೆ ಬಂದಿರುವುದರಿಂದ, ನಿವಾಸಿಗಳನ್ನೂ ಸದರಿ ಮಟ್ಟಕ್ಕೆ ತರುವ ಬಗ್ಗೆ.

ಉಲ್ಲೇಖ:
1. ಸೇವಾ ಸಭಾಂಗಣದ ನೆಲಕ್ಕೆ ಟೈಲ್ಸ್ ಹಾಕುವ ಆದೇಶ, ಬಹಳ ಹಿಂದಿನ ಅಧ್ಯಕ್ಷರೊಬ್ಬರದು.
2. ಸದರಿ ಟೈಲ್ಸ್ ಮೇಲೆ ಟೈಲ್ಸ್ ಹಾಕುವ ಆದೇಶ, ಅವರ ನಂತರದವರದು. ಹಾಗೂ ಅವರ ನಂತರದವರೆಲ್ಲರದು.
3. ಇಸ್ತ್ರಿ ಅಕ್ಕ ಎಂದು ಕರೆಯಲ್ಪಡುವ ನಿವಾಸಿಯ ಅಹವಾಲು (ನಿಂತು ಕೂಗಿದ್ದು, ಆದ್ದರಿಂದ ಸ್ವೀಕೃತವಾಗಿಲ್ಲ).
4. ನೀರು ವಿಭಾಗದ ಗುಮಾಸ್ತರ ರಜೆ ಅರ್ಜಿ (ಕಾರಣ: ಕರ್ತವ್ಯದ ವೇಳೆ ಮನುಷ್ಯರ ಮುಖ ಕಂಡು ಗಾಬರಿ).

ಪ್ರಸ್ತಾವನೆ:

ನಿವಾಸಿಗಳ ಸೇವೆಯೇ ಈ ಕಾರ್ಯಾಲಯದ ಪರಮ ಗುರಿಯಾಗಿದ್ದು, ಅದು ಎಲ್ಲರ ಕಣ್ಣಿಗೆ ಬೀಳಲಿ ಎಂಬ ಉದ್ದೇಶದಿಂದ ಪ್ರತಿಯೊಬ್ಬ ಅಧ್ಯಕ್ಷರೂ ತಮ್ಮ ಅವಧಿಯಲ್ಲಿ ಸೇವಾ ಸಭಾಂಗಣಕ್ಕೆ ಹೊಸ ಟೈಲ್ಸ್ ಹಾಕಿಸಿರುತ್ತಾರೆ. ಟೈಲ್ಸ್ ಹಾಕುವುದು ಕಾಮಗಾರಿ ವಿಭಾಗದ ಕೆಲಸ. ಹಳೆಯ ಟೈಲ್ಸ್ ಕಿತ್ತರೆ ಅದು ಕಸ. ಕಸ ನೈರ್ಮಲ್ಯ ವಿಭಾಗದ ಕೆಲಸ. ಇನ್ನೊಂದು ವಿಭಾಗದ ಕೆಲಸಕ್ಕೆ ಕೈಹಾಕುವ ಕೆಟ್ಟ ಅಭ್ಯಾಸ ನಮ್ಮಲ್ಲಿ ಯಾರಿಗೂ ಇಲ್ಲ. ಆದುದರಿಂದ ಹಳೆಯದರ ಮೇಲೆಯೇ ಮಣ್ಣು, ಮಣ್ಣಿನ ಮೇಲೆ ಗಾರೆ, ಗಾರೆಯ ಮೇಲೆ ಹೊಸದು ಎಂಬ ಕ್ರಮವನ್ನು ಅನುಸರಿಸಲಾಗಿ, ನೆಲವು ಒಂದೇ ಸಮನೆ ಅಭಿವೃದ್ಧಿ ಹೊಂದುತ್ತಾ ಬಂದಿದೆ. ಕೌಂಟರಿನ ಗಾಜು ಮಾತ್ರ ಯಾವ ವಿಭಾಗಕ್ಕೂ ಸೇರದೆ ಇದ್ದಲ್ಲೇ ಇದೆ. ಗಾಜಿನ ಆಚೆ, ಸಿಬ್ಬಂದಿ ಕೂರುವ ಕಡೆ, ನೆಲವನ್ನು ಎತ್ತರಿಸಿಲ್ಲ. ಸಿಬ್ಬಂದಿ ವರ್ಗದವರು ಅಭಿವೃದ್ಧಿಗೆ ಒಪ್ಪಿರುವುದಿಲ್ಲ.

ಹೀಗಾಗಿ ಮೊದಲು ನಿವಾಸಿಗಳ ಬಾಯಿಗೆ ಎದುರಾಗಿದ್ದ ತೂತು ಆಮೇಲೆ ಎದೆಗೆ ಬಂತು, ಆಮೇಲೆ ಹೊಟ್ಟೆಗೆ ಬಂತು, ಈಗ ಮೊಣಕಾಲಿಗೆ ಬಂದು ನಿಂತಿದೆ. ತೂತು ಕೆಳಗಿಳಿದಿದೆ ಎಂಬುದು ಸಾರ್ವಜನಿಕರ ತಪ್ಪು ಗ್ರಹಿಕೆ. ನಿವಾಸಿಗಳು ಮೇಲೇರಿದ್ದಾರೆ. ಯಾರ ಖರ್ಚಿನಲ್ಲಿ ಏರಿದ್ದಾರೆ ಎಂಬುದನ್ನು ಅವರು ಮರೆತಂತಿದೆ.

ಮೇಲ್ಕಂಡ ಎಲ್ಲವನ್ನೂ ಪರಿಶೀಲಿಸಿ, ಪರಿಶೀಲಿಸಲು ಇನ್ನೇನೂ ಉಳಿದಿಲ್ಲವೆಂದು ಮನಗಂಡು, ಈ ಕೆಳಗಿನಂತೆ ಸೂಚಿಸಲಾಗಿದೆ:

1. ತೂತಿನ ಮೂಲಕ ಬಾರದ ಯಾವ ಮಾತೂ ಮಾತಲ್ಲವೆಂದು ಈ ಮೂಲಕ ಸ್ಪಷ್ಟಪಡಿಸಲಾಗಿದೆ. ನಿಂತುಕೊಂಡು ಆಡಿದ ಮಾತು ಗಾಜಿನ ಆಚೆಗೆ ಬರೀ ಗುಂಯ್ ಎಂದು ಕೇಳಿಸುತ್ತಿದ್ದು, ಅದನ್ನು ಫ್ಯಾನಿನ ಶಬ್ದವೆಂದು ಪರಿಗಣಿಸಿ ಬೀದಿದೀಪ ವಿಭಾಗಕ್ಕೆ ದುರಸ್ತಿಗಾಗಿ ಕಳುಹಿಸಲಾಗುವುದು.

2. ಬಗ್ಗುವ ವಿಧಾನ:

(ಅ) ಮೊದಲು ಎರಡೂ ಕೈಗಳನ್ನು ತೊಡೆಯ ಮೇಲೆ ಊರಿ, ಉಸಿರು ಒಳಗೆಳೆದುಕೊಂಡು, ಅಹವಾಲಿನ ಮೊದಲ ಪದವನ್ನು ಬಾಯಿಯಲ್ಲಿ ಸಿದ್ಧವಾಗಿಟ್ಟುಕೊಂಡು ಬಗ್ಗತಕ್ಕದ್ದು. ಬಗ್ಗಿದ ಮೇಲೆ ಏನು ಹೇಳಬೇಕೆಂದು ಯೋಚಿಸುವವರಿಂದ ಸಾಲು ನಿಧಾನವಾಗುತ್ತಿದೆ.

(ಆ) ಬಗ್ಗುವವರ ಹಿಂಭಾಗ ಹಿಂದಿನವರಿಗೆ ತಗುಲದಂತೆ ಅಂತರ ಕಾಯ್ದುಕೊಳ್ಳತಕ್ಕದ್ದು. ಕಳೆದ ಸಂತೆಯ ದಿನ ಆಸ್ತಿ ತೆರಿಗೆ ಕೌಂಟರಿನ ಎದುರು ಬೇಕರಿಯವರು ಇದ್ದಕ್ಕಿದ್ದಂತೆ ಬಗ್ಗಿದ ಪರಿಣಾಮ ಸಾಲಿನಲ್ಲಿದ್ದ ಕೊನೆಯ ವ್ಯಕ್ತಿ ಬಾಗಿಲಿನಿಂದ ಹೊರಗೆ ಬಿದ್ದಿದ್ದು, ಸದರಿಯವರು ನಮ್ಮ ಸರಹದ್ದಿನ ಆಚೆ ಬಿದ್ದಿರುವುದರಿಂದ ಅವರಿಗೆ ಸೇವೆ ಒದಗಿಸಲು ಅವಕಾಶವಿರುವುದಿಲ್ಲ.

(ಇ) ಬಗ್ಗಿರುವಾಗ "ಅಯ್ಯೋ", "ಅಮ್ಮಾ", "ಸತ್ತೆ" ಇತ್ಯಾದಿ ಪದಗಳನ್ನು ಬಳಸತಕ್ಕದ್ದಲ್ಲ. ತೂತಿನಲ್ಲಿ ಬಂದ ಪ್ರತಿ ಪದವನ್ನೂ ಅಹವಾಲಿನ ಭಾಗವೆಂದೇ ಬರೆದುಕೊಳ್ಳಲಾಗುವುದು. ನಿವೃತ್ತ ಮೇಷ್ಟ್ರೊಬ್ಬರು "ನಮ್ಮ ಬೀದಿ ದೀಪ, ಅಯ್ಯೋ ಅಮ್ಮಾ, ಉರೀತಿಲ್ಲ" ಎಂದು ಅರಿಕೆ ಮಾಡಿಕೊಂಡಿದ್ದು, ದೀಪವನ್ನು ಅವರ ತಾಯಿಯವರ ಹೆಸರಿಗೆ ವರ್ಗಾಯಿಸಿ ಆಸ್ತಿ ತೆರಿಗೆ ವಿಧಿಸಲಾಗಿದೆ.

3. ಬಗ್ಗಿದವರ ಬಾಯಿಯೊಂದನ್ನು ಬಿಟ್ಟರೆ ಗುಮಾಸ್ತರಿಗೆ ತೂತಿನ ಮೂಲಕ ಕಾಣುವುದು ಮೊಣಕಾಲು ಮತ್ತು ಅದರ ಕೆಳಗಿನದು ಮಾತ್ರ. ಆದುದರಿಂದ ಇನ್ನು ಮುಂದೆ ಪ್ರತಿ ಅರ್ಜಿಗೂ ಮುಖದ ಭಾವಚಿತ್ರದ ಬದಲು ಮೊಣಕಾಲಿನ ಭಾವಚಿತ್ರ ಲಗತ್ತಿಸತಕ್ಕದ್ದು. ಮೊಣಕಾಲು ನಗುತ್ತಿರುವಂತೆ ಕಾಣಬಾರದು. ಚಪ್ಪಲಿಯನ್ನು ಗುರುತಿನ ದಾಖಲೆಯಾಗಿ ಒಪ್ಪುವ ಹಳೆಯ ಪದ್ಧತಿಯನ್ನು ಕೈಬಿಡಲಾಗಿದೆ; ಅಪ್ಪನ ಚಪ್ಪಲಿ ಮೆಟ್ಟಿಕೊಂಡು ಬಂದ ಮಗನೊಬ್ಬನಿಗೆ ಅಪ್ಪನ ವೃದ್ಧಾಪ್ಯ ವೇತನ ಮಂಜೂರಾಗಿದ್ದು, ಬರಿಗಾಲಿನಲ್ಲಿ ಬಂದ ಅಪ್ಪನನ್ನು ಅಂಗನವಾಡಿಗೆ ಸೇರಿಸಲಾಗಿದೆ. ಅವರು ಅಲ್ಲಿ ಚೆನ್ನಾಗಿ ಹೊಂದಿಕೊಂಡಿದ್ದಾರೆಂದು ವರದಿಯಾಗಿದೆ.

4. ತಾವು ಬದುಕಿದ್ದೇವೆಂದು ದೃಢಪಡಿಸಲು ಜನನ-ಮರಣ ಕೌಂಟರಿಗೆ ಬರುವ ಹಿರಿಯರು ತೂತಿನ ಎದುರು ಕಾಲಿನ ಹೆಬ್ಬೆರಳನ್ನು ಸ್ಪಷ್ಟವಾಗಿ ಅಲ್ಲಾಡಿಸತಕ್ಕದ್ದು. ಕಾಲುಚೀಲ ಧರಿಸಿ ಬಂದ ಮಾಜಿ ಅಂಚೆಯವರ ಹೆಬ್ಬೆರಳು ಕಾಣದ ಕಾರಣ ಅವರನ್ನು ಮೃತರೆಂದು ನಮೂದಿಸಲಾಗಿದೆ. ಅವರು ಆ ನಂತರ ಬಂದು ದೊಡ್ಡ ಗಲಾಟೆ ಮಾಡಿದ್ದಾರೆ. ಆದರೆ ನಿಂತು ಮಾಡಿದ್ದಾರೆ, ಕೇಳಿಸಿರುವುದಿಲ್ಲ.

5. ನಿವಾಸಿಗಳ ತೊಂದರೆಯನ್ನು ಮನಗಂಡು ಎಲ್ಲ ವಿಭಾಗಗಳೂ ತಮ್ಮ ತಮ್ಮ ವ್ಯಾಪ್ತಿಯಲ್ಲಿ ತಕ್ಷಣ ಸ್ಪಂದಿಸಿವೆ ಎಂದು ತಿಳಿಸಲು ಹರ್ಷವಾಗುತ್ತದೆ. ಉದ್ಯಾನ ವಿಭಾಗವು, ನಿವಾಸಿಗಳು ಮಲಗಿ ಮಾತನಾಡಲು ಅನುಕೂಲವಾಗಲೆಂದು, ಕೌಂಟರಿನ ಮುಂದೆ ಹುಲ್ಲು ಬೆಳೆಸಿ, ಹುಲ್ಲಿನ ಮೇಲೆ ಮಲಗಬಾರದು ಎಂಬ ಫಲಕವನ್ನೂ ನೆಟ್ಟಿದೆ. ಬೀದಿದೀಪ ವಿಭಾಗವು ಮೊಣಕಾಲುಗಳ ಮೇಲೆ ಬೆಳಕು ಬೀಳುವಂತೆ ದೀಪ ಅಳವಡಿಸಿದೆ. ಆರೋಗ್ಯ ವಿಭಾಗವು ಸೊಂಟನೋವಿನ ಉಚಿತ ತಪಾಸಣೆ ಏರ್ಪಡಿಸಿದ್ದು, ಹೆಸರು ನೋಂದಾಯಿಸುವವರು ಅದೇ ಸಭಾಂಗಣದ ಕೊನೆಯ ತೂತಿನಲ್ಲಿ ಬಗ್ಗಿ ಹೇಳತಕ್ಕದ್ದು.

6. ನೆಲ ಏರಿದಂತೆ ಛಾವಣಿ ಏರಿಲ್ಲವಾದ್ದರಿಂದ ಫ್ಯಾನು ಈಗ ಸರಾಸರಿ ನಿವಾಸಿಯ ಕಿವಿಯ ಮಟ್ಟದಲ್ಲಿದೆ. ಇದರಿಂದ ಎತ್ತರದವರಿಗೆ ಬಗ್ಗಲು ಪ್ರೇರಣೆ ದೊರೆಯುತ್ತಿರುವುದು ಸ್ವಾಗತಾರ್ಹ. ಫ್ಯಾನಿಗೆ ಸಿಕ್ಕಿದ ಟೋಪಿ, ಕನ್ನಡಕ ಮತ್ತು ಒಂದು ಸೇವಂತಿಗೆ ಕುಂಡ ಕಚೇರಿಯ ವಶದಲ್ಲಿವೆ. ಕುಂಡ ಅಲ್ಲಿಗೆ ಹೇಗೆ ಬಂತೆಂದು ಉದ್ಯಾನ ವಿಭಾಗ ಹೇಳತಕ್ಕದ್ದು.

7. ಒಬ್ಬರ ಪರವಾಗಿ ಇನ್ನೊಬ್ಬರು ಬಗ್ಗುವುದನ್ನು ನಿಷೇಧಿಸಲಾಗಿದೆ. ಮೊಣಕಾಲು ಒಬ್ಬರದು, ಬಾಯಿ ಇನ್ನೊಬ್ಬರದು ಎಂಬ ಅರ್ಜಿಗಳಲ್ಲಿ ನಂಬುವುದು ಯಾವುದನ್ನು ಎಂಬ ಧರ್ಮಸಂಕಟ ಗುಮಾಸ್ತರಿಗೆ ಉಂಟಾಗುತ್ತಿದೆ.

8. ಮೇಲಿನ ಕಲಮು ಜಾರಿಯಾಗಬೇಕಾಗಿ ಬಂದ ಸಂದರ್ಭವನ್ನು ಸಿಬ್ಬಂದಿ ಹಾಗೂ ಸಾರ್ವಜನಿಕರ ತಿಳುವಳಿಕೆಗಾಗಿ ಇಲ್ಲಿ ದಾಖಲಿಸಲಾಗಿದೆ. ಪುರಸಭೆಯ ಹಿಂದಿನ ಓಣಿಯಲ್ಲಿ ಬಟ್ಟೆ ಇಸ್ತ್ರಿ ಮಾಡುವ, ಎಲ್ಲರೂ ಇಸ್ತ್ರಿ ಅಕ್ಕ ಎಂದು ಕರೆಯುವ ನಿವಾಸಿಯ ಓಣಿಗೆ ನೀರು ಬರುವುದು ನಿಂತಿರುತ್ತದೆ. ಪೈಪು ಸರಿಯಿದೆ, ತೊಟ್ಟಿಯಲ್ಲಿ ನೀರಿದೆ, ವಾಲ್ವ್ ತಿರುಗಿಸುವ ನೀರಗಂಟಿಯೂ ಇದ್ದಾರೆ. ನೀರು ವಿಭಾಗದ ಕೌಂಟರಿನಿಂದ ಒಂದು ಚೀಟಿ ಬಂದರೆ ಅವರು ವಾಲ್ವ್ ತಿರುಗಿಸುತ್ತಾರೆ. ಓಣಿಯ ನಲ್ಲಿಯ ಉಸ್ತುವಾರಿ ಇಸ್ತ್ರಿ ಅಕ್ಕನ ಹೆಸರಿನಲ್ಲಿರುವುದರಿಂದ ಅವರೇ ತೂತಿನಲ್ಲಿ ಕೇಳಬೇಕು. ಕೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಸದರಿಯವರ ಸೊಂಟವು ಬಗ್ಗುವುದಿಲ್ಲ.

9. ಈ ಬಗ್ಗೆ ಸದರಿಯವರು ನಿಂತಲ್ಲಿಂದಲೇ ನೀಡಿದ ಹೇಳಿಕೆಯನ್ನು ಪಕ್ಕದಲ್ಲಿದ್ದ ಜವಾನರು ಕೇಳಿಸಿಕೊಂಡು ವರದಿ ಮಾಡಿದ್ದು, ಅದರ ಯಥಾವತ್ ನಕಲು ಹೀಗಿದೆ: "ಜನರ ಬಟ್ಟೆ ಮೇಲೆ ಬಗ್ಗಿ ಬಗ್ಗಿ ನನ್ನ ಸೊಂಟ ಮುಗಿದುಹೋಯ್ತು ಕಣಪ್ಪಾ. ಒಳಗೆ ಕೂತವನು ಹಾಕ್ಕೊಂಡಿರೋ ಷರಟಿನ ಗೆರೆ ಕೂಡ ನಾನೇ ಎಳೆದಿದ್ದು. ಇನ್ನು ಇವನ ತೂತಿಗೆ ಬೇರೆ ಸೊಂಟ ಎಲ್ಲಿಂದ ತರಲಿ? ಅಂಗಡೀಲಿ ಸಿಗುತ್ತಾ?" ಸೊಂಟ ಅಂಗಡಿಯಲ್ಲಿ ಸಿಗುತ್ತದೆಯೇ ಎಂಬ ಪ್ರಶ್ನೆಯನ್ನು ಪರವಾನಗಿ ವಿಭಾಗಕ್ಕೆ ರವಾನಿಸಲಾಗಿದ್ದು, ಸೊಂಟ ಮಾರಾಟಕ್ಕೆ ಈವರೆಗೆ ಯಾರೂ ಪರವಾನಗಿ ಕೋರಿಲ್ಲವೆಂದು ಉತ್ತರ ಬಂದಿದೆ.

10. ಆ ನಂತರ ಸದರಿಯವರ ಅಳಿಯ ಅತ್ತೆಯ ಪರವಾಗಿ ಬಗ್ಗಿರುತ್ತಾರೆ (ಕಲಮು 7ರಂತೆ ತಿರಸ್ಕೃತ). ಆ ನಂತರ ಓಣಿಯ ಹೆಂಗಸರೆಲ್ಲ ಸೇರಿ ಸದರಿಯವರನ್ನು ಹಲಗೆಯ ಮೇಲೆ ಮಲಗಿಸಿ ತೂತಿನ ಮಟ್ಟಕ್ಕೆ ಎತ್ತಿ ಹಿಡಿದಿರುತ್ತಾರೆ. ಮಲಗಿ ಬಂದವರನ್ನು ಜನನ-ಮರಣ ಕೌಂಟರಿಗೆ ಕಳುಹಿಸುವುದು ವಾಡಿಕೆಯಾದ್ದರಿಂದ ಹಾಗೆ ಕಳುಹಿಸಲಾಗಿ, ಅಲ್ಲಿ ಹೆಬ್ಬೆರಳು ಅಲ್ಲಾಡಿಸುವಂತೆ ಸೂಚಿಸಿದಾಗ ಸದರಿಯವರು ಇಡೀ ಕಾಲನ್ನು ಅಲ್ಲಾಡಿಸಿದ್ದು, ಗಾಜು ಬಿರುಕು ಬಿಟ್ಟಿದೆ. ಬಿರುಕು ಯಾವ ವಿಭಾಗದ್ದೆಂದು ಇನ್ನೂ ತೀರ್ಮಾನವಾಗಿಲ್ಲ. ಈ ಎಲ್ಲ ದಿನಗಳಲ್ಲಿ ಓಣಿಯವರು ದೊಡ್ಡ ರಸ್ತೆ ದಾಟಿ, ಲಾರಿಗಳ ನಡುವೆ ಬಿಂದಿಗೆ ಹೊತ್ತು, ಆಚೆ ಬಡಾವಣೆಯ ನಲ್ಲಿಯಿಂದ ನೀರು ತರುತ್ತಿದ್ದರೆಂಬುದು ನಿಜ. ಆದರೆ ರಸ್ತೆ ಬೇರೆ ಇಲಾಖೆಗೆ ಸೇರಿದ್ದು, ಲಾರಿಗಳು ಮತ್ತೊಂದಕ್ಕೆ.

11. ಗುಂಡಿ ಪ್ರಕರಣ. ಕಾಮಗಾರಿ ವಿಭಾಗಕ್ಕೆ ಮೊದಲಿನಿಂದಲೂ ಟೈಲ್ಸ್ ಹಾಕಿಕೊಡುತ್ತಾ ಬಂದಿರುವ ಗಾರೆ ಮೇಸ್ತ್ರಿಯು ಇಸ್ತ್ರಿ ಅಕ್ಕನ ಮೈದುನನಾಗಿದ್ದು, ಅದೇ ಓಣಿಯ ವಾಸಿ. ಹೊಸ ಅಧ್ಯಕ್ಷರ ಹೊಸ ಟೈಲ್ಸ್ ಹಾಕಲು ಸದರಿ ಮೇಸ್ತ್ರಿಯು ಸುತ್ತಿಗೆ, ಉಳಿ, ಮಟ್ಟಗೋಲು ಸಮೇತ ಸಭಾಂಗಣಕ್ಕೆ ಬಂದ ದಿನವೇ ಇಸ್ತ್ರಿ ಅಕ್ಕನೂ ಅಲ್ಲಿ ಹಾಜರಿದ್ದು, ಇವರಿಬ್ಬರ ನಡುವೆ ನಡೆದ ಮಾತುಕತೆ ಜವಾನರ ವರದಿಯಂತೆ ಈ ರೀತಿ ಇದೆ:

"ಲೋ, ಇಲ್ಲಿ ಇಷ್ಟೂ ಹಾಕಿದವನು ನೀನೇ ತಾನೇ?"

"ಹೂಂ ಅತ್ತಿಗೆ. ಕೂಲಿ ಕೊಟ್ರು, ಹಾಕಿದೆ."

"ನಾಚಿಕೆ ಆಗಲ್ವೇನೋ? ನಿನ್ನ ಹೆಂಡತಿ ಲಾರಿ ಕೆಳಗೆ ನುಗ್ಗಿ ನೀರು ತರ್ತಾಳೆ, ನೀನು ಇಲ್ಲಿ ನೆಲ ಏರಿಸ್ಕೊಂಡು ಬರ್ತಿದ್ದೀಯಾ. ಹೊಡಿ ಇಲ್ಲಿ."

"ಹಾಕೋಕೆ ಆರ್ಡರ್ ಇದೆ ಅತ್ತಿಗೆ, ಕೀಳೋಕಿಲ್ಲ."

"ಆರ್ಡರ್ ನಾನು ಕೊಡ್ತಿದ್ದೀನಿ. ನಾನು ನಿಂತಿರೋವಷ್ಟೇ ಅಗಲ. ಹೊಡಿ ಅಂದ್ನಲ್ಲ!"

ಸದರಿ ಆದೇಶಕ್ಕೆ ಸಂಖ್ಯೆಯಾಗಲಿ, ದಿನಾಂಕವಾಗಲಿ, ಮೊಹರಾಗಲಿ ಇರಲಿಲ್ಲವೆಂಬುದನ್ನು ಗಮನಿಸತಕ್ಕದ್ದು. ಇಷ್ಟಾದರೂ ಈ ಕಾರ್ಯಾಲಯದ ಇತಿಹಾಸದಲ್ಲಿಯೇ ಹೊರಡಿಸಿದ ಕ್ಷಣದಲ್ಲಿ ಜಾರಿಯಾದ ಏಕೈಕ ಆದೇಶ ಅದಾಗಿರುವುದು ವಿಷಾದನೀಯ.

12. ಮೇಸ್ತ್ರಿಯು ನೀರು ಕೌಂಟರಿನ ಮುಂದೆ ಒಬ್ಬರು ನಿಲ್ಲುವಷ್ಟು ಅಗಲಕ್ಕೆ ಅಗೆಯುತ್ತಾ ಹೋದಾಗ ಈಗಿನ ಬಿಳಿ, ಅದರ ಕೆಳಗೆ ಹಸಿರು, ಅದರ ಕೆಳಗೆ ಚೌಕುಳಿ, ಅದರ ಕೆಳಗೆ ಅಧ್ಯಕ್ಷರೊಬ್ಬರ ಮುಖವಿರುವ ಟೈಲ್ಸ್ ದೊರೆತಿವೆ. ಮುಖದ ಮೇಲೆ ಉಳಿ ಇಡಲು ಮೇಸ್ತ್ರಿ ಹಿಂಜರಿದಾಗ ಸಾಲಿನಲ್ಲಿದ್ದವರು "ಅವರೂ ನಮ್ಮನ್ನ ಹಾಗೇ ತುಳಿದಿದ್ದಾರೆ, ಹೊಡಿ ಮಾರಾಯಾ" ಎಂದು ಹುರಿದುಂಬಿಸಿರುತ್ತಾರೆ. ಮೃತರೆಂದು ನಮೂದಾಗಿರುವ ಮಾಜಿ ಅಂಚೆಯವರು ಬುಟ್ಟಿಯಲ್ಲಿ ಮಣ್ಣು ಹೊತ್ತು ಹಾಕಿರುತ್ತಾರೆ. ಮೃತರು ಕೂಲಿ ಕೆಲಸ ಮಾಡುವುದು ನಿಯಮಬಾಹಿರ. ಎಲ್ಲಕ್ಕಿಂತ ಕೆಳಗೆ ಮೊದಲಿನ ಸಿಮೆಂಟ್ ನೆಲ ಸಿಕ್ಕಿದ್ದು, ಅದರ ಮೇಲೆ ಬಣ್ಣದಲ್ಲಿ ಎರಡು ಪಾದಗಳ ಗುರುತು ಬರೆದು, ಅದರ ಕೆಳಗೆ "ಇಲ್ಲಿ ನಿಂತು ಮಾತನಾಡಿ" ಎಂದು ಬರೆಯಲಾಗಿದೆ. ಇಂತಹ ಬರಹಕ್ಕೆ ಆ ಕಾಲದಲ್ಲಿ ಯಾವ ಅಧಿಕಾರಿ ಅನುಮತಿ ನೀಡಿದ್ದರೆಂಬ ಬಗ್ಗೆ ವಿಚಾರಣೆ ನಡೆಸಿ, ಅವರು ತೀರಿಹೋಗಿದ್ದಲ್ಲಿ ಅವರ ಹೆಬ್ಬೆರಳಿಗೆ ನೋಟೀಸು ನೀಡತಕ್ಕದ್ದು.

13. ಮೈದುನನ ಕೈ ಹಿಡಿದು ಗುಂಡಿಗೆ ಇಳಿದ ಇಸ್ತ್ರಿ ಅಕ್ಕ ಆ ಎರಡು ಪಾದಗಳ ಮೇಲೆ ಪಾದವಿಟ್ಟು ನೆಟ್ಟಗೆ ನಿಂತಾಗ, ತೂತು ಸರಿಯಾಗಿ ಅವರ ಬಾಯಿಗೆ ಎದುರಾಗಿದೆ. ಬಾಯಿಯ ಮೇಲೆ ಮೂಗು, ಮೂಗಿನ ಮೇಲೆ ಎರಡು ಕಣ್ಣುಗಳೂ ಗಾಜಿನ ಮೂಲಕ ಗೋಚರಿಸಿವೆ. ನೌಕರಿಗೆ ಸೇರಿದಂದಿನಿಂದ ಮೊಣಕಾಲುಗಳನ್ನೂ ತೂತಿಗೆ ಒತ್ತಿದ ಬಾಯಿಗಳನ್ನೂ ಮಾತ್ರ ಕಂಡಿದ್ದ ನೀರು ವಿಭಾಗದ ಗುಮಾಸ್ತರು ಈ ದೃಶ್ಯದಿಂದ ಗಲಿಬಿಲಿಗೊಂಡು ಎದ್ದು ನಿಂತು, "ಓ, ಅಕ್ಕಾ, ನೀವಾ! ಏನಾಗಬೇಕಿತ್ತು, ಹೇಳಿ" ಎಂದಿರುತ್ತಾರೆ. ಈ ವಾಕ್ಯವು ಸೇವಾ ನಿಯಮಾವಳಿಯ ಯಾವ ಪುಟದಲ್ಲಿಯೂ ಇರುವುದಿಲ್ಲ.

14. "ನೀರಾಗಬೇಕಿತ್ತು ಕಣಪ್ಪಾ, ಇನ್ನೇನು" ಎಂಬ ಉತ್ತರಕ್ಕೆ ಸದರಿ ಗುಮಾಸ್ತರು ಯಾರನ್ನೂ ಕೇಳದೆ, ಕಡತ ಹುಡುಕದೆ, ಊಟದ ವೇಳೆ ಎನ್ನದೆ, ನಾಳೆ ಬನ್ನಿ ಎಂಬ ಕಡ್ಡಾಯ ಉಪಚಾರವನ್ನೂ ಮರೆತು, ಚೀಟಿ ಬರೆದು ಮೊಹರು ಒತ್ತಿ ತೂತಿನಲ್ಲಿ ಹೊರಗೆ ಕೊಟ್ಟಿರುತ್ತಾರೆ. ಚೀಟಿ ಕಂಡ ನೀರಗಂಟಿ ವಾಲ್ವ್ ತಿರುಗಿಸಿರುತ್ತಾರೆ. ನೀರು ಬಂದಿರುತ್ತದೆ.

15. ನೀರು ಬಂದದ್ದು ಗುಂಡಿಯಿಂದಾಗಿದ್ದು, ಗುಂಡಿಯು ಅನಧಿಕೃತವಾದ್ದರಿಂದ, ಸದರಿ ನೀರು ಬಂದಿಲ್ಲವೆಂದೇ ಎಲ್ಲ ವಿಭಾಗಗಳೂ ಪರಿಗಣಿಸತಕ್ಕದ್ದು. ಓಣಿಯವರು ಈಗಾಗಲೇ ಕುಡಿದಿರುವ ನೀರನ್ನು ತಾತ್ಕಾಲಿಕವೆಂದು ತಿಳಿಯತಕ್ಕದ್ದು. ಆ ನೀರಿನಲ್ಲಿ ಒಗೆದ ಬಟ್ಟೆಗಳು ಕಾನೂನಿನ ದೃಷ್ಟಿಯಲ್ಲಿ ಇನ್ನೂ ಕೊಳೆಯಾಗಿಯೇ ಇವೆ.

16. ಗುಂಡಿಯನ್ನು ಕೂಡಲೇ ಮುಚ್ಚಲು ಮೇಸ್ತ್ರಿಗೆ ಸೂಚಿಸಲಾಗಿತ್ತು. ಮಣ್ಣು ಸಿದ್ಧವಿದೆ, ಗಾರೆ ಸಿದ್ಧವಿದೆ. ಆದರೆ ಗುಂಡಿಯಲ್ಲಿ ಸದಾ ಒಬ್ಬರು ನಿಂತಿರುತ್ತಾರೆ. ಅವರು ಚೀಟಿ ಪಡೆದು ಮೇಲೆ ಬರುವಷ್ಟರಲ್ಲಿ ಇನ್ನೊಬ್ಬರು ಇಳಿದಿರುತ್ತಾರೆ. ಬೇಕರಿಯವರು ಇಳಿದರು. ಅಂಗನವಾಡಿಯಿಂದ ಅಪ್ಪ ಬಂದು ಇಳಿದರು. ಮಾಜಿ ಅಂಚೆಯವರು ಇಳಿದು ಮುಖ ತೋರಿಸಿ, "ನೋಡಪ್ಪಾ, ಹೆಬ್ಬೆರಳಿನ ಮೇಲ್ಗಡೆ ಇಷ್ಟೆಲ್ಲಾ ಇದೆ" ಎಂದು ತಾವು ಬದುಕಿರುವುದನ್ನು ಸಾಬೀತುಪಡಿಸಿದ್ದು, ಅದು ನೀರು ವಿಭಾಗದ ಕೌಂಟರಾದ್ದರಿಂದ ಅವರಿಗೆ ಜೀವದ ಜೊತೆಗೆ ಒಂದು ನಲ್ಲಿಯೂ ಮಂಜೂರಾಗಿದೆ. ಗುಂಡಿ ಮುಚ್ಚಲು ಇಳಿದ ಮೇಸ್ತ್ರಿಯೇ "ಬಂದಿದ್ದೀನಲ್ಲ, ನನ್ನದೂ ಒಂದು ಹೇಳಿಬಿಡ್ತೀನಿ" ಎಂದು ತನ್ನ ಅಹವಾಲು ಹೇಳಿ ಮೇಲೆ ಬಂದಿರುತ್ತಾನೆ.

17. ಗುಂಡಿ ಮುಚ್ಚಲಾಗದ ಕಾರಣ ಅದನ್ನು ಮುಚ್ಚಲಾಗಿದೆಯೆಂದು ದಾಖಲಿಸಿ, ಮುಚ್ಚಿರುವ ಗುಂಡಿಯನ್ನು ಯಾವ ವಿಭಾಗಕ್ಕೆ ಸೇರಿಸಬೇಕೆಂಬ ಚರ್ಚೆಯನ್ನು ಪ್ರಾರಂಭಿಸಲಾಗಿದೆ. ಗುಂಡಿ ನನ್ನದು ಎಂದು ಕಾಮಗಾರಿ ವಿಭಾಗ, ಗುಂಡಿಯಲ್ಲಿರುವ ಜಾಗ ನನ್ನದು ಎಂದು ಆಸ್ತಿ ತೆರಿಗೆ ವಿಭಾಗ, ಗುಂಡಿಯಿಂದ ಬಂದ ಮಣ್ಣು ಮಾತ್ರ ನನ್ನದಲ್ಲ ಎಂದು ನೈರ್ಮಲ್ಯ ವಿಭಾಗ ಪತ್ರ ಬರೆದಿವೆ. ಉದ್ಯಾನ ವಿಭಾಗವು ಗುಂಡಿಯಲ್ಲಿ ಸಸಿ ನೆಡಲು ಬಂದು, ನೆಡದೆ, ತನ್ನ ಸಂಬಳದ ಬಾಕಿ ಬಗ್ಗೆ ತೂತಿನಲ್ಲಿ ಕೇಳಿಕೊಂಡು ಹೋಗಿದೆ.

18. ಮುಖ ಕಂಡು ಗಾಬರಿಯಾದ ಗುಮಾಸ್ತರ ರಜೆಯನ್ನು ಮಂಜೂರು ಮಾಡಲಾಗಿತ್ತು. ಆದರೆ ಸದರಿಯವರು ರಜೆಯಲ್ಲಿಯೂ ಕೌಂಟರಿಗೆ ಬಂದು ಕುಳಿತು ಮುಖಗಳನ್ನು ನೋಡುತ್ತಿದ್ದಾರೆ. ಇತರ ಕೌಂಟರಿನವರು ತಮಗೂ ಒಂದೊಂದು ಗುಂಡಿ ಬೇಕೆಂದು ಅರ್ಜಿ ಹಾಕಿದ್ದಾರೆ. ಅರ್ಜಿಗಳನ್ನು ಅವರು ಹಾಕಿದ್ದು ಗುಂಡಿಯಲ್ಲಿ ನಿಂತು. ಇಂತಹ ಪ್ರವೃತ್ತಿ ಹರಡಿದಲ್ಲಿ ನಿವಾಸಿಗಳ ಸೇವೆಯೇ ಈ ಕಾರ್ಯಾಲಯದ ನಿತ್ಯದ ಕೆಲಸವಾಗಿಬಿಡುವ ಅಪಾಯವಿದ್ದು, ಎಲ್ಲರೂ ಎಚ್ಚರ ವಹಿಸತಕ್ಕದ್ದು.

19. ಈ ಸುತ್ತೋಲೆಯನ್ನು ಸಾರ್ವಜನಿಕರಿಗೆ ಕಾಣುವಂತೆ ಗಾಜಿನ ಮೇಲೆ, ಮೊಣಕಾಲಿನ ಮಟ್ಟದಲ್ಲಿ, ಅಂಟಿಸತಕ್ಕದ್ದು.

ಸಹಿ/-
(ಬಗ್ಗಿ ಹಾಕಿದ್ದು)
ಮೇಲ್ವಿಚಾರಣಾಧಿಕಾರಿಗಳು
ನಿವಾಸಿ ಸೇವಾ ಶಾಖೆ (ನೆಲಮಟ್ಟ)

ಪ್ರತಿಗಳು:

1. ಎಲ್ಲ ವಿಭಾಗಗಳ ಮುಖ್ಯಸ್ಥರಿಗೆ: ಓದಿದ್ದೇವೆಂದು ಸಹಿ ಮಾಡುವ ಸಲುವಾಗಿ.

2. ಮಾನ್ಯ ಅಧ್ಯಕ್ಷರ ಆಪ್ತ ಸಹಾಯಕರಿಗೆ: ಹೊಸ ಟೈಲ್ಸ್‌ನ ಮಾದರಿಯೊಂದಿಗೆ. ಮುಖವಿಲ್ಲದ ಮಾದರಿ ಆರಿಸುವುದು ಕ್ಷೇಮ.

3. ಗಾರೆ ಮೇಸ್ತ್ರಿಗೆ: ವಿವರಣೆ ಕೋರಿ. ಸದರಿಯವರು ಈಗ ಆಸ್ತಿ ತೆರಿಗೆ ಕೌಂಟರಿನ ಮುಂದೆ ಅಗೆಯುತ್ತಿರುವುದರಿಂದ ಅಲ್ಲಿಯೇ ತಲುಪಿಸುವುದು.

4. ಮಾಜಿ ಅಂಚೆಯವರಿಗೆ: ಬದುಕಿದ್ದಲ್ಲಿ ಮಾತ್ರ.

5. ಫ್ಯಾನಿಗೆ: ಸಿಕ್ಕಿಹಾಕಿಕೊಂಡಿದೆ.

6. ಇಸ್ತ್ರಿ ಅಕ್ಕನಿಗೆ: ಸರಕಾರಿ ಗಾಜಿನ ಎದುರು ನೆಟ್ಟಗೆ ನಿಂತದ್ದೇಕೆ ಎಂದು ಕಾರಣ ಕೇಳಿ. ಜವಾನರ ವರದಿಯಂತೆ, ಮನೆಯ ಮುಂದಿನ ನಲ್ಲಿ ಪೂರಾ ಬಿಟ್ಟಿದ್ದು, ಬಿಂದಿಗೆ ತುಂಬುತ್ತಿದ್ದು, ಸದರಿಯವರು ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತಾ ಬಂದಿರುತ್ತಾರೆ. ಜವಾನರು ಕಚೇರಿಯ ರೂಢಿಯಂತೆ ಅವರ ಮೊಣಕಾಲಿನ ಬಳಿ ಬಗ್ಗಿ ನೋಟೀಸು ನೀಡಲಾಗಿ, ಸದರಿಯವರು "ಎದ್ದು ನಿಂತ್ಕೊಂಡು ಕೊಡೋ ತಮ್ಮಾ, ಯಾಕೆ ಬಗ್ತೀಯಾ?" ಎಂದು ಕೇಳಿರುತ್ತಾರೆ. ಈ ಪ್ರಶ್ನೆಗೆ ಉತ್ತರಿಸಬೇಕಾದ ವಿಭಾಗ ಯಾವುದೆಂದು ತೀರ್ಮಾನವಾಗುವವರೆಗೆ ಜವಾನರು ಅಲ್ಲಿಯೇ ನಿಂತಿರತಕ್ಕದ್ದು.